ತಿಂಗಳು ತುಂಬದ ಶಿಶುವಿನ ಕರುಳು ಮತ್ತು ತಾಯಿಯ ಹಾಲು

ಶಿಶುವು ಗರ್ಭದಲ್ಲಿ ಪೂರ್ಣಾವಧಿಯನ್ನು ಕಳೆದು ಜನಿಸಬೇಕೆಂಬುದಕ್ಕೆ ಶ್ವಾಸಕೋಶದ ಪಕ್ವತೆಯು ಒಂದು ಮುಖ್ಯ ಕಾರಣವೆಂಬುದನ್ನು ಅನೇಕರು ಬಲ್ಲರು. ಕರುಳಿನ ಪಕ್ವತೆಯೂ ಅಷ್ಟೇ ಮುಖ್ಯವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 37 ವಾರಗಳು ತುಂಬುವ ಮೊದಲೇ ಹುಟ್ಟಿದ ಕೂಸು ಅಕಾಲಜಾತವೆನಿಸುತ್ತದೆ. ಅದರಲ್ಲಿಯೂ 32 ವಾರಗಳಿಗೆ ಮುನ್ನ ಹುಟ್ಟಿದ, ಒಂದೂವರೆ ಕಿಲೋಗ್ರಾಮಿಗಿಂತ ಕಡಮೆ ತೂಕದ ಶಿಶುಗಳು ಉಸಿರಾಟದ ಗಂಡಾಂತರವನ್ನು ದಾಟಿದ ಬಳಿಕವೂ, ಹೆಚ್ಚಾಗಿ ಎರಡನೆಯ ಇಲ್ಲವೆ ಮೂರನೆಯ ವಾರದಲ್ಲಿ, ಮತ್ತೊಂದು ಗಂಡಾಂತರಕ್ಕೆ ಗುರಿಯಾಗುವುದುಂಟು. ಕರುಳಿನ ಗೋಡೆ ಉರಿತುಂಬಿ, ಅಲ್ಲಲ್ಲಿ ಸತ್ತು ಕೊಳೆಯುವ ಈ ವ್ಯಾಧಿಗೆ ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್ ಎಂದು ಹೆಸರು.

ವ್ಯಾಧಿಯ ಸ್ವರೂಪವನ್ನರಿಯಲು ಮೊದಲು ಆ ಗೋಡೆಯ ರಚನೆಯನ್ನು ನೋಡಬೇಕು. ಸಣ್ಣ ಕರುಳಿನ ಒಳಮೈಯನ್ನು ಹೊದೆದಿರುವುದು ಜೀವಕೋಶಗಳ ಒಂದೇ ಪದರ. ಅದರ ಕಾರ್ಯಗಳು ಎರಡು, ಮತ್ತು ಅವು ಪರಸ್ಪರ ವಿರುದ್ಧವಾದವು: ಆಹಾರವನ್ನು ಒಳಕ್ಕೆ ಬಿಟ್ಟುಕೊಳ್ಳುವುದು, ಸೂಕ್ಷ್ಮಜೀವಿಗಳನ್ನು ಹೊರಗೆ ತಡೆಯುವುದು. ಆಹಾರಸಾರವನ್ನು ಹೀರುವ ಕೋಶಗಳು ಬಿಗಿಯಾದ ಬೆಸುಗೆಗಳಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಬಟ್ಟಲಿನಾಕಾರದ ಕೋಶಗಳು ಲೋಳೆಯನ್ನು ಸ್ರವಿಸಿ ಅವುಗಳ ಮೇಲೆ ಹೊದಿಕೆ ಹಾಸುತ್ತವೆ. ಕುಳಿಗಳ ತಳದಲ್ಲಿರುವ ಪ್ಯಾನೆತ್ ಕೋಶಗಳು ಸೂಕ್ಷ್ಮಜೀವಿನಾಶಕ ಪ್ರೋಟೀನುಗಳನ್ನು ಒದಗಿಸುತ್ತವೆ. ಅವುಗಳ ಮಗ್ಗುಲಲ್ಲಿರುವ ಮೂಲಕೋಶಗಳು ಹೊಸ ಕೋಶಗಳನ್ನು ಹಡೆಯುತ್ತ, ಮೂರರಿಂದ ಐದು ದಿನಗಳಲ್ಲಿ ಇಡೀ ಪದರವನ್ನೇ ನವೀಕರಿಸುತ್ತವೆ.

ಅಕಾಲಜಾತ ಶಿಶುವಿನಲ್ಲಿ ಈ ಏರ್ಪಾಡೆಲ್ಲವೂ ಅರೆಬರೆ. ಬೆಸುಗೆ ಸಡಿಲ, ಲೋಳೆ ತೆಳು, ಪ್ಯಾನೆತ್ ಕೋಶಗಳು ವಿರಳ; ಆಹಾರವನ್ನು ಮುಂದಕ್ಕೆ ದೂಡುವ ಚಲನೆಯೂ ಮಂದ. ಇದರ ಮೇಲೆ ಇನ್ನೊಂದು ತೊಡಕುಂಟು. ಸೂಕ್ಷ್ಮಜೀವಿಗಳ ಸುಳಿವನ್ನು ಹಿಡಿಯುವ ಟಿಎಲ್‌ಆರ್-4 ಎಂಬ ಗ್ರಾಹಕ ಪ್ರೋಟೀನು ಅಪಕ್ವವಾದ ಕರುಳಿನಲ್ಲಿ ಅಧಿಕವಾಗಿರುತ್ತದೆ. ಗರ್ಭಸ್ಥ ಶಿಶುವಿನ ಕರುಳಿನ ಬೆಳವಣಿಗೆಯಲ್ಲಿ ಇದಕ್ಕೆ ಪಾತ್ರವಿದೆ. ಆದರೆ ಹುಟ್ಟಿದೊಡನೆ ಕರುಳಿನಲ್ಲಿ ಸೂಕ್ಷ್ಮಜೀವಿಗಳು ನೆಲೆಸತೊಡಗುತ್ತವೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡಂತೆ, ಆ ಗ್ರಾಹಕವು ಆಗ ಉದ್ರೇಕಗೊಂಡರೆ ಕೋಶಗಳು ಸಾಯುತ್ತವೆ, ಮೂಲಕೋಶಗಳ ದುರಸ್ತಿಕಾರ್ಯ ಕುಂಠಿತವಾಗುತ್ತದೆ, ರಕ್ತದ ಹರಿವು ಕುಗ್ಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಕಾವಲಿನ ಏರ್ಪಾಡೇ ಕೇಡಿಗೆ ಕಾರಣವಾಗುತ್ತದೆ.

ಹೊಟ್ಟೆಯುಬ್ಬರ, ಕುಡಿಸಿದ ಹಾಲು ಜಠರದಲ್ಲಿಯೇ ನಿಲ್ಲುವುದು, ಹಸುರು ವಾಂತಿ, ಮಲದಲ್ಲಿ ರಕ್ತ, ಇವು ಇದರ ಲಕ್ಷಣಗಳು. ಕ್ಷಕಿರಣ ಚಿತ್ರದಲ್ಲಿ ಕರುಳಿನ ಗೋಡೆಯೊಳಗೇ ವಾಯುವು ಕಾಣಿಸುವುದುಂಟು. ಆಹಾರವನ್ನು ನಿಲ್ಲಿಸಿ ಜೀವನಿರೋಧಕಗಳನ್ನು ಕೊಡುತ್ತಾರೆ. ಕರುಳು ತೂತಾದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬದುಕಿ ಉಳಿದವರಲ್ಲಿಯೂ ಕೆಲವರಿಗೆ ಕರುಳು ಮೊಟಕಾಗಿ ಪೋಷಣೆಯ ಕೊರತೆ ಉಳಿಯುತ್ತದೆ. ಆದ್ದರಿಂದ ಚಿಕಿತ್ಸೆಗಿಂತ ನಿವಾರಣೆಯೇ ಲೇಸು.

ನಿವಾರಣೆಯ ಮುಖ್ಯ ಸಾಧನ ತಾಯಿಯ ಹಾಲು. ಅದರಲ್ಲಿರುವ ಐಜಿಎ ಪ್ರತಿಕಾಯಗಳು ಸೂಕ್ಷ್ಮಜೀವಿಗಳು ಗೋಡೆಗಂಟದಂತೆ ತಡೆಯುತ್ತವೆ. ಲ್ಯಾಕ್ಟೊಫೆರಿನ್ ಅವುಗಳಿಗೆ ಕಬ್ಬಿಣ ಸಿಗದಂತೆ ಮಾಡುತ್ತದೆ. ವಿಶಿಷ್ಟ ಶರ್ಕರಗಳು ಹಿತಕರ ಜೀವಾಣುಗಳನ್ನು ಪೋಷಿಸುತ್ತವೆ. ಬೆಳವಣಿಗೆಯ ಅಂಶಗಳು ಕೋಶಗಳ ದುರಸ್ತಿಗೆ ನೆರವಾಗುತ್ತವೆ. ಗರ್ಭದಲ್ಲಿ ನಿಂತುಹೋದ ಕೆಲಸವನ್ನು ಹಾಲು ಮುಂದುವರಿಸುತ್ತದೆ. ಆಲನ್ ಲೂಕಸ್ ಮತ್ತು ಟಿ. ಜೆ. ಕೋಲ್ ಎಂಬ ಬ್ರಿಟಿಷ್ ಸಂಶೋಧಕರು 926 ಅಕಾಲಜಾತ ಶಿಶುಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೇವಲ ಕೃತಕ ಹಾಲನ್ನುಂಡ ಶಿಶುಗಳಲ್ಲಿ ಈ ವ್ಯಾಧಿಯು ಕೇವಲ ಮಾನವಹಾಲನ್ನುಂಡವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚಾಗಿತ್ತು.

ಆದರೆ ತಾಯಿಯು ಅಸ್ವಸ್ಥಳಾಗಿದ್ದರೆ, ಇಲ್ಲವೆ ಹಾಲು ಇನ್ನೂ ಇಳಿಯದಿದ್ದರೆ? ಈ ಪ್ರಶ್ನೆಗೆ ಮುಂಬಯಿಯಲ್ಲಿಯೇ ಒಂದು ಉತ್ತರ ದೊರೆಯಿತು. ಧಾರಾವಿಗೆ ಸಮೀಪದ ಸಯನ್‌ನಲ್ಲಿರುವ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ, ನವಜಾತಶಿಶು ತಜ್ಞೆ ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ 1989ರಲ್ಲಿ ಮಾನವಹಾಲಿನ ಬ್ಯಾಂಕು ಸ್ಥಾಪಿತವಾಯಿತು. ಏಷ್ಯಾ ಖಂಡದಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ. ಬ್ಯಾಂಕೆಂಬ ಹೆಸರು ಕೇವಲ ಅಲಂಕಾರವಲ್ಲ: ಇಲ್ಲಿಯೂ ಜಮೆಯಿದೆ, ಖರ್ಚಿದೆ, ಕಟ್ಟುನಿಟ್ಟಾದ ತಪಾಸಣೆಯಿದೆ, ಬಡ್ಡಿ ಮಾತ್ರ ಇಲ್ಲ. ಇಂತಹ ಬ್ಯಾಂಕುಗಳಲ್ಲಿ ಹಾಲು ಕೊಡುವ ತಾಯಂದಿರ ರಕ್ತವನ್ನು ಪರೀಕ್ಷಿಸುತ್ತಾರೆ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷವಿರಿಸಿ, ಬೇಗನೆ ತಣಿಸಿ, ಘನೀಕರಿಸಿ ಕಾದಿಡುತ್ತಾರೆ.

ಇದು ತಾಯಿಗೆ ಬದಲಿಯಲ್ಲ, ಕಷ್ಟಕಾಲದ ಕೈಗಡ. ಕಾಯಿಸುವಾಗ ಹಾಲಿನ ಜೀವಂತ ಕೋಶಗಳು ನಾಶವಾಗುತ್ತವೆ; ರಕ್ಷಕ ಪ್ರೋಟೀನುಗಳಲ್ಲಿ ಒಂದಂಶ ಕುಂದುತ್ತದೆ. ಸ್ವಂತ ತಾಯಿಯ ಹಾಲಿಗೇ ಮೊದಲ ಸ್ಥಾನ. ಅದೂ ವ್ಯಾಧಿಯನ್ನು ಪೂರ್ತಿ ತಡೆಯಲಾರದು. ಆದರೆ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ಹೆರಿಗೆಯ ಮೊದಲ ದಿನಗಳ ಹಳದಿ ಬಣ್ಣದ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನನ್ನೋ ಬೆಲ್ಲದ ನೀರನ್ನೋ ಸವರುವ ರೂಢಿ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿದ್ದಿತು. ಪ್ರತಿಕಾಯಗಳು ಹೇರಳವಾಗಿರುವುದು ಆ ಹಾಲಿನಲ್ಲಿಯೇ. ಕೂಸಿಗೆ ಚೀಪುವ ಶಕ್ತಿ ಬರುವವರೆಗೆ ಕಾಯಬೇಕಾಗಿಲ್ಲ. ತಾಯಿಯು ಮೊದಲ ಗಂಟೆಗಳಿಂದಲೇ ಹಾಲನ್ನು ಹಿಂಡಿ ಕೊಟ್ಟರೆ, ದಾದಿಯರು ಸಣ್ಣ ನಳಿಕೆಯ ಮೂಲಕ ಹನಿಹನಿಯಾಗಿ ಕೂಸಿನ ಹೊಟ್ಟೆಗೆ ಮುಟ್ಟಿಸುತ್ತಾರೆ. ಬಾಣಂತನಕ್ಕೆ ಬಂದ ಹಿರಿಯರು ಈ ಒಂದು ಸಂಗತಿಯನ್ನು ಮನಗಂಡರೂ ಕೂಸಿಗೆ ಸಲ್ಲಬೇಕಾದ ಆ ಮೊದಲ ಹನಿಗಳು ವ್ಯರ್ಥವಾಗಲಾರವು.