ಹಿತ್ತಿಲಿಗೆ ಬರುವ ಬೇಟೆಗಾರ

ಹಿತ್ತಿಲಲ್ಲಿ ಅಳಿಲುಗಳು ಇದ್ದಕ್ಕಿದ್ದಂತೆ ಚಿಕ್ ಚಿಕ್ ಎಂದು ಬಿಡದೆ ಕೂಗತೊಡಗಿ, ಹರಟೆಮಲ್ಲಗಳು ಪೊದೆಯೊಳಗೆ ನುಗ್ಗಿದರೆ ಒಮ್ಮೆ ಕತ್ತೆತ್ತಿ ನೋಡಿ. ಕೆಳಗೆ ಬೆಕ್ಕು ಇಲ್ಲವೆಂದಾದರೆ ಮೇಲೆ ಬಿಜ್ಜು ಇರಬಹುದು. ಎಲೆಗಳ ಮರೆಯಲ್ಲಿ ಅಲುಗದೆ ಕೂತ ಅದನ್ನು ನಮಗಿಂತ ಮೊದಲು ಕಾಣುವವರು ಅವರೇ.

ಶಿಕ್ರಾ ಎಂದೂ ಕರೆಯುವ ಈ ಗಿಡುಗ ಹೆಚ್ಚುಕಡಿಮೆ ಪಾರಿವಾಳದ ಗಾತ್ರದ್ದು. ಬೆನ್ನು ಬೂದಿಬಣ್ಣ. ಬಿಳಿ ಎದೆಯ ತುಂಬ ಇಟ್ಟಿಗೆಗೆಂಪಿನ ಸಣ್ಣ ಅಡ್ಡಗೆರೆಗಳು, ಗಂಟಲ ನಡುವೆ ಉದ್ದಕ್ಕೆ ಇಳಿದ ಒಂದೇ ಒಂದು ಬೂದು ಗೆರೆ. ಗಂಡಿನ ಕಣ್ಣು ಕೆಂಡದ ಹಾಗೆ, ಹೆಣ್ಣಿನದು ಹಳದಿ ಬೆರೆತ ಕಿತ್ತಳೆ. ಗಾತ್ರದಲ್ಲಿ ಹೆಣ್ಣೇ ದೊಡ್ಡದು. ಎಳೆಯ ಬಿಜ್ಜುವಿನ ಮೈ ಕಂದು, ಎದೆಯಲ್ಲಿ ಉದ್ದುದ್ದ ಮಚ್ಚೆ. ಬೇರೆಯದೇ ಹಕ್ಕಿ ಎಂದು ತಿಳಿಯುವುದು ಸುಲಭ.

ಹದ್ದಿನಂತೆ ಮುಗಿಲಲ್ಲಿ ಸುತ್ತುತ್ತ ಬೇಟೆ ಹುಡುಕುವುದು ಇದರ ಕ್ರಮವಲ್ಲ. ಕೂತು ಕಾಯುತ್ತದೆ, ಥಟ್ಟನೆ ಎರಗುತ್ತದೆ. ಗಿಡ್ಡನೆಯ ದುಂಡು ರೆಕ್ಕೆ ಕೊಂಬೆಗಳ ಸಂದಿಯಲ್ಲಿ ನುಸುಳಲು ಹೇಳಿಮಾಡಿಸಿದ್ದು. ಉದ್ದನೆಯ ಬಾಲ ಚುಕ್ಕಾಣಿ. ಓತಿಕೇತ, ಇಲಿ, ಮಿಡತೆ, ಸಣ್ಣ ಹಕ್ಕಿ, ಕೆಲವೊಮ್ಮೆ ಅಳಿಲು, ಎಲ್ಲವೂ ಆಹಾರವೇ. ಇದನ್ನು ಪಳಗಿಸುವುದು ಸುಲಭವೆಂದು ಹಿಂದೆ ಉತ್ತರ ಭಾರತದ ಗಿಡುಗ ಸಾಕುವವರು ಬೇಟೆಗೆ ಬಳಸುತ್ತಿದ್ದರು.

ನನಗೆ ಬಹಳ ಸೋಜಿಗವೆನಿಸುವುದು ಇದರ ಹೆಸರಲ್ಲಿ ಬೇರೆ ಹಕ್ಕಿಗಳು ಬದುಕುವ ಬಗೆ. ಕಾಜಾಣ ಬಿಜ್ಜುವಿನ ಕೂಗನ್ನು ಅನುಕರಿಸಿ ಗೊರವಂಕಗಳ ಹಿಂಡಿನ ಮೇಲೆ ಎರಗುತ್ತದೆ. ಅವು ಬೆದರಿ ಚದುರಿದಾಗ ಹುಳುಗಳು ಅದರ ಪಾಲು. ಕೋಗಿಲೆಯ ಬಳಗದ ಇನ್ನೊಂದು ಹಕ್ಕಿಯಂತೂ ಬೂದು ಬೆನ್ನು, ಎದೆಯ ಗೆರೆ, ಹಾರುವ ಠೀವಿ ಎಲ್ಲದರಲ್ಲೂ ಬಿಜ್ಜುವನ್ನೇ ಹೋಲುತ್ತದೆ. ಅದು ಮೊಟ್ಟೆಯಿಡುವುದು ಹರಟೆಮಲ್ಲಗಳ ಗೂಡಿನಲ್ಲಿ. ಬಿಜ್ಜು ಬಂತೆಂದು ಅವು ಬೆದರಿ ಸರಿದರೆ ಅದರ ಕೆಲಸ ಸಲೀಸು. ಈ ಹೋಲಿಕೆ ಯೋಚಿಸಿ ತೊಟ್ಟ ವೇಷವಲ್ಲ. ಬಿಜ್ಜುವಿನಂತೆ ಕಂಡವಕ್ಕೆ ಮರಿಗಳನ್ನು ಉಳಿಸಿಕೊಳ್ಳುವುದು ತುಸು ಸುಲಭವಾಯಿತು. ತಲೆಮಾರುಗಳು ಕಳೆದಂತೆ ಆ ಹೋಲಿಕೆ ಗಟ್ಟಿಯಾಯಿತು ಎಂಬುದು ವಿಜ್ಞಾನಿಗಳ ವಿವರಣೆ.

ಬೇಸಿಗೆಯಲ್ಲಿ ಗಂಡುಹೆಣ್ಣು ಸೇರಿ ಎತ್ತರದ ಮರದ ಕವಲಿನಲ್ಲಿ ಕಡ್ಡಿಗಳ ಗೂಡು ಕಟ್ಟುತ್ತವೆ. ಮೂರೋ ನಾಲ್ಕೋ ಮೊಟ್ಟೆ, ಸುಮಾರು ಮೂರು ವಾರದ ಕಾವು. ಗೂಡು ನೋಡಿದರೆ ಥೇಟ್ ಕಾಗೆಯದೇ. ನಾವು ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಸುವುದೂ ಅದೇ ತಿಂಗಳುಗಳಲ್ಲಿ. ಕೊಡಲಿ ಹಾಕಿಸುವ ಮೊದಲು ದಯವಿಟ್ಟು ಹತ್ತು ನಿಮಿಷ ಮರದ ಕೆಳಗೆ ನಿಂತು, ಆ ಗೂಡಿಗೆ ಬರುವವರು ಯಾರೆಂದು ನೋಡಿ.