ಸೀಳುವುದೋ, ಬಿಡಿಸುವುದೋ? ಜಲಜನಕದ ಬಂಧ, ಗಣಕ ಮಾದರಿ ಮತ್ತು ಕನ್ನಡ ಕ್ರಿಯಾಪದ

ಪರಿಭಾಷೆಯ ಚರ್ಚೆ ಸಾಮಾನ್ಯವಾಗಿ ನಾಮಪದಗಳನ್ನು ಕುರಿತದ್ದಾಗಿರುತ್ತದೆ. ಆದರೆ ಕ್ರಿಯಾಪದ ತಪ್ಪಿದರೂ ಅರ್ಥ ಕೆಡುತ್ತದೆ. ಸಂಕ್ರಮಣ ಲೋಹಗಳ ಸಂಕೀರ್ಣಗಳು ಜಲಜನಕದ ಅಣುವನ್ನು ಎರಡಾಗಿಸುವ ಕ್ರಿಯೆಯನ್ನು ಕನ್ನಡದಲ್ಲಿ ‘ಸೀಳುವುದು’ ಎಂದುಬಿಡುವುದು ಸುಲಭ. ಅದು ಎಷ್ಟು ಸರಿ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳ ನಡುವಣ ಅಂತರ 0.74 ಆಂಗ್‌ಸ್ಟ್ರಾಮ್. ಒಂದು ಮೋಲ್ ಜಲಜನಕದ ಬಂಧಗಳನ್ನು ಮುರಿಯಲು ಸುಮಾರು 436 ಕಿಲೋಜೂಲ್ ಶಕ್ತಿ ಬೇಕು. ಇಂತಹ ಬಂಧವನ್ನು ಲೋಹವು ಒಂದೇ ಪೆಟ್ಟಿಗೆ ಮುರಿಯುವುದಿಲ್ಲ. ಬಂಧದ ಇಲೆಕ್ಟ್ರಾನುಗಳನ್ನು ತನ್ನ ಬರಿದಾದ ಕಕ್ಷಕಕ್ಕೆ ಸೆಳೆಯುತ್ತದೆ. ಪ್ರತಿಯಾಗಿ ತನ್ನ ಇಲೆಕ್ಟ್ರಾನುಗಳನ್ನು ಅಣುವಿನ ಬಂಧವಿರೋಧಿ ಕಕ್ಷಕಕ್ಕೆ ನೀಡುತ್ತದೆ. ಈ ಕೊಡುಕೊಳೆ ಹೆಚ್ಚಿದಂತೆ ಬಂಧ ಸಡಿಲಗೊಳ್ಳುತ್ತದೆ.

1984ರಲ್ಲಿ ಅಮೆರಿಕದ ಗ್ರೆಗರಿ ಕುಬಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಟಂಗ್‌ಸ್ಟನ್ ಸಂಕೀರ್ಣದಲ್ಲಿ ಜಲಜನಕದ ಅಣು ಎರಡಾಗದೆಯೇ ಲೋಹವನ್ನು ಸೇರಿತ್ತು. ಅಂತರ ಮಾತ್ರ ಸುಮಾರು 0.82 ಆಂಗ್‌ಸ್ಟ್ರಾಮಿಗೆ ಏರಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಲಾಜಿ ಆರ್. ಜಾಗೀರ್‌ದಾರ್ ಮತ್ತು ಸಹಸಂಶೋಧಕರು ರುಥೇನಿಯಂ ಸಂಕೀರ್ಣಗಳಲ್ಲಿ ಬಂಧ ಇನ್ನಷ್ಟು ಹಿಗ್ಗಿದ ನಿದರ್ಶನಗಳನ್ನು ಅಧ್ಯಯನ ಮಾಡಿದ್ದಾರೆ. ಅಂತರ ಸುಮಾರು 1.6 ಮೀರಿದಾಗ ಪರಮಾಣುಗಳು ಬೇರೆಯಾದುವೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ.

ಈ ನಡುಘಟ್ಟಗಳನ್ನು ಪ್ರಯೋಗದಿಂದ ಕಾಣುವುದು ಕಷ್ಟ. ಒಂದೇ ಇಲೆಕ್ಟ್ರಾನುಳ್ಳ ಜಲಜನಕವು ಭಾರಲೋಹದ ಪಕ್ಕದಲ್ಲಿ ಕ್ಷ-ಕಿರಣಗಳಿಗೆ ಸ್ಪಷ್ಟವಾಗಿ ಗೋಚರಿಸದು. ಗಣಕ ಮಾದರಿ ನೆರವಾಗುವುದು ಇಲ್ಲಿಯೇ. ವಾಲ್ಟರ್ ಕೋನ್ ಅವರಿಗೆ 1998ರ ನೊಬೆಲ್ ತಂದಿತ್ತ ಸಾಂದ್ರತಾ ಸಿದ್ಧಾಂತವು ಒಂದೊಂದು ಇಲೆಕ್ಟ್ರಾನನ್ನೂ ಹಿಂಬಾಲಿಸದೆ, ಅವುಗಳ ಒಟ್ಟು ಸಾಂದ್ರತೆಯಿಂದಲೇ ಶಕ್ತಿಯನ್ನು ಗಣಿಸುವ ದಾರಿ ತೋರಿತು. ಪರಮಾಣುಗಳ ಅಂತರವನ್ನು ಹಂತಹಂತವಾಗಿ ಹೆಚ್ಚಿಸುತ್ತ ಪ್ರತಿ ಹಂತದ ಶಕ್ತಿಯನ್ನು ಗಣಿಸಿದರೆ, ಕ್ರಿಯೆ ದಾಟಬೇಕಾದ ದಿಬ್ಬದ ಎತ್ತರ ತಿಳಿಯುತ್ತದೆ. ಆದರೆ ಈ ಗಣನೆಯಲ್ಲಿ ಅಂದಾಜಿನ ಸೂತ್ರಗಳು ಅನಿವಾರ್ಯ. ಸೂತ್ರ ಬದಲಾದರೆ ಉತ್ತರವೂ ತುಸು ಬದಲಾಗುತ್ತದೆ. ಆದ್ದರಿಂದ ಫಲಿತಾಂಶವನ್ನು ಪ್ರಯೋಗದೊಡನೆ ತಾಳೆ ನೋಡಲೇಬೇಕು.

ಈ ಹಿನ್ನೆಲೆಯಲ್ಲಿ ಕ್ರಿಯಾಪದದ ಪ್ರಶ್ನೆಗೆ ಮರಳಬಹುದು. ಹಾವೇರಿ ಜಿಲ್ಲೆಯ ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಆಡುಮಾತಿನಲ್ಲಿ ಕಟ್ಟಿಗೆಯನ್ನು ಸೀಳುತ್ತಾರೆ, ಹತ್ತಿಯನ್ನು ಬಿಡಿಸುತ್ತಾರೆ. ಮೊದಲನೆಯದು ಕೊಡಲಿಯ ಪೆಟ್ಟು. ಎರಡನೆಯದರಲ್ಲಿ ಬೆರಳು ಮೊದಲು ಹಿಡಿಯುತ್ತದೆ, ಸಡಿಲಿಸುತ್ತದೆ, ಬಳಿಕ ಎಳೆದುಕೊಳ್ಳುತ್ತದೆ. ಲೋಹದ ಕೆಲಸ ಎರಡನೆಯ ಬಗೆಯದು. ‘ಸೀಳು’ ಎಂದು ಓದಿದ ವಿದ್ಯಾರ್ಥಿಯ ಕಣ್ಣಿಗೆ ಕಟ್ಟುವುದು ಮೊದಲೂ ಕೊನೆಯೂ ಮಾತ್ರ. ಸಂಶೋಧನೆ ನಡೆಯುತ್ತಿರುವುದು ಅವುಗಳ ನಡುವೆ. ಆ ನಡುವನ್ನು ಹೇಳಬಲ್ಲ ಪದ ಕನ್ನಡದ ಹೊಲಗಳಲ್ಲಿಯೇ ಇದೆ. ಪಠ್ಯಪುಸ್ತಕ ಅದನ್ನು ಬಳಸಬೇಕಷ್ಟೆ.