ಎಳೆಮಗುವಿನ ಸೊಂಟದ ಕೀಲು: ನೋವಿಲ್ಲದ ತೊಂದರೆಯನ್ನು ಗುರುತಿಸುವುದು ಹೇಗೆ?



ಕಿವಿ ನೋವಾದರೆ ಮಗು ಅಳುತ್ತದೆ, ಹೊಟ್ಟೆ ನೋವಾದರೂ ಅಳುತ್ತದೆ. ಆದರೆ ಸೊಂಟದ ಕೀಲು ಜಾರಿರುವ ಮಗು ಅದಕ್ಕಾಗಿ ಅಳುವುದಿಲ್ಲ. ಹಾಲು ಕುಡಿಯುತ್ತದೆ, ನಗುತ್ತದೆ, ಕಾಲು ಆಡಿಸುತ್ತದೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಮಗು ನಡೆಯಲು ಕಲಿತು ಕುಂಟಿದಾಗಲೇ ವಿಷಯ ತಿಳಿಯುತ್ತದೆ. ಅಷ್ಟರಲ್ಲಿ ಸುಲಭ ಚಿಕಿತ್ಸೆಯ ಕಾಲ ಕಳೆದಿರುತ್ತದೆ. ವೈದ್ಯರು ಇದನ್ನು ಚುಟುಕಾಗಿ ಡಿಡಿಎಚ್ ಎನ್ನುತ್ತಾರೆ. ಅಕ್ಕನಿಗೋ ಭಾಬಿಗೋ ಮಗುವಾದಾಗ ಇದರ ಬಗ್ಗೆ ತಿಳಿದವರು ಮನೆಯಲ್ಲಿ ಒಬ್ಬರಿದ್ದರೂ ಸಾಕು.

ಏನಿದು?

ಪ್ರಥಮ ಪಿಯು ಜೀವಶಾಸ್ತ್ರದಲ್ಲಿ ಚೆಂಡು ಮತ್ತು ಗುಳಿ ಕೀಲಿಗೆ ಭುಜವನ್ನು ಉದಾಹರಣೆಯಾಗಿ ಓದುತ್ತೇವೆ. ಸೊಂಟದ ಕೀಲೂ ಅದೇ ಬಗೆಯದು. ತೊಡೆಮೂಳೆಯ ಮೇಲ್ತುದಿ ಚೆಂಡು. ಅದು ಕೂರುವ ಗುಳಿ ಸೊಂಟದ ಮೂಳೆಯಲ್ಲಿದೆ. ಹುಟ್ಟಿದಾಗ ಈ ಭಾಗ ಬಹುಪಾಲು ಮೃದ್ವಸ್ಥಿ. ಚೆಂಡು ಸರಿಯಾಗಿ ಕೂತಿದ್ದರೆ ಅದರ ಸುತ್ತ ಗುಳಿ ಆಳವಾಗಿ ಬೆಳೆಯುತ್ತದೆ. ಚೆಂಡು ಸಡಿಲವಾಗಿದ್ದರೆ ಅಥವಾ ಹೊರಗೆ ಜಾರಿದ್ದರೆ ಗುಳಿ ಆಳವಾಗದೆ ಉಳಿಯುತ್ತದೆ.

ಪೂರ್ತಿ ಜಾರಿದ ಕೀಲು ಸಾವಿರ ಮಕ್ಕಳಲ್ಲಿ ಸುಮಾರು ಒಂದೆರಡು ಮಕ್ಕಳಿಗೆ ಇರುತ್ತದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು, ಎಡಗಡೆ ಹೆಚ್ಚು. ಗರ್ಭದಲ್ಲಿ ತಲೆ ಮೇಲಾಗಿ ಕುಳಿತಿದ್ದ ಮಗು, ಚೊಚ್ಚಲ ಮಗು, ಮನೆತನದಲ್ಲಿ ಈ ತೊಂದರೆ ಇದ್ದ ಮಗು, ಇವರ ಮೇಲೆ ವಿಶೇಷ ಗಮನ ಬೇಕು.

ಬಟ್ಟೆ ಸುತ್ತುವ ರೀತಿ

ಬಾಣಂತನದಲ್ಲಿ ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಎರಡೂ ಕಾಲು ನೆಟ್ಟಗೆ ಜೋಡಿಸಿ ಬಿಗಿಯಾಗಿ ಸುತ್ತಿ ಮಲಗಿಸುವುದು ನಮ್ಮಲ್ಲಿ ರೂಢಿ. ಕಾಲು ನೆಟ್ಟಗಾಗಲಿ ಎಂಬುದು ಅಜ್ಜಿ, ದಾದಿಯರ ಪ್ರೀತಿ. ಆದರೆ ಎಳೆ ಕಾಲುಗಳನ್ನು ಹೀಗೆ ಹೊತ್ತುಗಟ್ಟಲೆ ಕಟ್ಟಿದರೆ ಚೆಂಡು ಗುಳಿಯಿಂದ ಹೊರಕ್ಕೆ ತಳ್ಳಲ್ಪಡುತ್ತದೆ. ಜಪಾನಿನಲ್ಲಿ 1975ರಲ್ಲಿ ಇದರ ವಿರುದ್ಧ ದೇಶವ್ಯಾಪಿ ತಿಳಿವಳಿಕೆ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಈ ತೊಂದರೆ ಬಹಳ ಕಡಿಮೆಯಾಯಿತು.

ಸುತ್ತುವುದನ್ನು ಬಿಡಬೇಕಿಲ್ಲ. ಸೊಂಟದಿಂದ ಕೆಳಗೆ ಸಡಿಲವಾಗಿರಲಿ. ಮಗು ಕಪ್ಪೆಯ ಹಾಗೆ ಕಾಲು ಮಡಚಿ ಅಗಲಿಸುವಂತಿರಲಿ. ಕತ್ತು ನಿಂತ ಮೇಲೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುವ ನಮ್ಮ ತಾಯಂದಿರ ಅಭ್ಯಾಸ ಕೀಲಿಗೆ ಒಳ್ಳೆಯದೇ.

ಗುರುತಿಸುವುದು ಹೇಗೆ?

ಒಂದು ತೊಡೆ ಇನ್ನೊಂದರಷ್ಟು ಅಗಲವಾಗಿ ಬಿಚ್ಚಿಕೊಳ್ಳದಿರುವುದು, ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ಥರ ಇಲ್ಲದಿರುವುದು, ಮೊಣಕಾಲು ಮಡಚಿ ಮಲಗಿಸಿದಾಗ ಒಂದು ಮೊಣಕಾಲು ತಗ್ಗಾಗಿ ಕಾಣುವುದು ಮನೆಯಲ್ಲೇ ಗಮನಿಸಬಹುದಾದ ಲಕ್ಷಣಗಳು. ಎರಡೂ ಕಡೆ ಜಾರಿದ್ದರೆ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ವೈದ್ಯರ ಪರೀಕ್ಷೆ ಬೇಕೇ ಬೇಕು. ಇಟಲಿಯ ಓರ್ಟೊಲಾನಿ 1937ರಲ್ಲಿ, ಇಂಗ್ಲೆಂಡಿನ ಬಾರ್ಲೋ 1962ರಲ್ಲಿ ವಿವರಿಸಿದ ಕೈಪರೀಕ್ಷೆಗಳನ್ನೇ ವೈದ್ಯರು ಇಂದಿಗೂ ಮಾಡುತ್ತಾರೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣದ ಕಾರಣ ಮೊದಲ ನಾಲ್ಕಾರು ತಿಂಗಳು ಅಲ್ಟ್ರಾಸೌಂಡ್, ಆಮೇಲೆ ಎಕ್ಸ್‌ರೇ.

ವಯಸ್ಸಿಗೆ ತಕ್ಕ ಚಿಕಿತ್ಸೆ

ಆರು ತಿಂಗಳೊಳಗೆ: ಪಾವ್ಲಿಕ್ ಹಾರ್ನೆಸ್ ಎಂಬ ಮೆತ್ತನೆಯ ಪಟ್ಟಿಗಳು. ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಕಟ್ಟಿದರೆ ಹೆಚ್ಚಿನ ಮಕ್ಕಳಿಗೆ ಅಷ್ಟೇ ಸಾಕು. ಆಪರೇಷನ್ ಇಲ್ಲ.

ಆರರಿಂದ ಹದಿನೆಂಟು ತಿಂಗಳು: ಅರಿವಳಿಕೆ ಕೊಟ್ಟು ಚೆಂಡನ್ನು ಗುಳಿಗೆ ಕೂರಿಸಿ, ಎದೆಯ ಕೆಳಗಿನಿಂದ ಕಾಲಿನವರೆಗೆ ಸುಮಾರು ಮೂರು ತಿಂಗಳು ಪ್ಲಾಸ್ಟರ್.

ಅದಕ್ಕಿಂತ ದೊಡ್ಡ ಮಕ್ಕಳಿಗೆ: ಕೀಲು ತೆರೆದು ಆಪರೇಷನ್, ಹಲವರಿಗೆ ಸೊಂಟದ ಅಥವಾ ತೊಡೆಯ ಮೂಳೆ ಕತ್ತರಿಸಿ ಮರುಜೋಡಣೆ.

ಹದಿಹರೆಯದಲ್ಲಿ: ಗುಳಿ ಆಳವಿಲ್ಲದ್ದು ಕೆಲವರಿಗೆ ನಮ್ಮ ವಯಸ್ಸಿನಲ್ಲೇ ತಿಳಿಯುವುದು. ಮೆಟ್ಟಿಲು ಹತ್ತಿದರೆ, ಬಹಳ ಹೊತ್ತು ನಿಂತರೆ ತೊಡೆಸಂದಿಯಲ್ಲಿ ನೋವು ಬರುತ್ತದೆ. ಕೀಲು ಇನ್ನೂ ಸವೆಯದಿದ್ದರೆ, ಸ್ವಿಟ್ಜರ್ಲೆಂಡಿನ ಗಾಂಜ್ 1980ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆಯಿಂದ ಗುಳಿಯನ್ನೇ ತಿರುಗಿಸಿ ಚೆಂಡಿನ ಮೇಲೆ ಸರಿಯಾಗಿ ಕೂರಿಸಬಹುದು.

ದೊಡ್ಡವರಲ್ಲಿ: ಕೀಲು ಸವೆದು ಚಕ್ಕಳಮಕ್ಕಳ ಹಾಕಿ ಕೂರುವುದು, ನಮಾಜಿನಲ್ಲಿ ಸಜ್ದಾದಿಂದ ಏಳುವುದು ಕಷ್ಟವಾದಾಗ ಕೃತಕ ಕೀಲು ಜೋಡಣೆಯೇ ಉಳಿದ ದಾರಿ.

ಮುಚ್ಚಿಡಬೇಡಿ

ಹುಡುಗಿ ಓಲಾಡಿ ನಡೆದರೆ "ಯಾರಿಗೂ ಹೇಳಬೇಡಿ, ನಾಳೆ ಸಂಬಂಧ ಕೂಡಿಬರುವುದಿಲ್ಲ" ಎನ್ನುವವರಿದ್ದಾರೆ. ಮುಚ್ಚಿಟ್ಟ ಪ್ರತಿ ವರ್ಷವೂ ಚಿಕಿತ್ಸೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಇದು ಯಾರ ತಪ್ಪೂ ಅಲ್ಲ.

ಎಲ್ಲಿ ತೋರಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಜನ್ಮದೋಷಗಳ ಪಟ್ಟಿಯಲ್ಲಿ ಡಿಡಿಎಚ್ ಕೂಡ ಇದೆ. ತಪಾಸಣೆಯೂ ಚಿಕಿತ್ಸೆಯೂ ಉಚಿತ. ಚಾಮರಾಜಪೇಟೆಯವರಿಗೆ ಕೋಟೆ ಬಳಿಯ ವಾಣಿವಿಲಾಸ ಆಸ್ಪತ್ರೆ, ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಜಯನಗರದ ಸಂಜಯ ಗಾಂಧಿ ಸಂಸ್ಥೆ ಇವೆ.

ಮಗುವಿಗೆ ಒಂದೂವರೆ ತಿಂಗಳಾದಾಗ ಲಸಿಕೆ ಹಾಕಿಸಲು ತಾಯಿ ಕಾರ್ಡ್ ಹಿಡಿದು ಹೋಗುತ್ತೇವಲ್ಲ, ಅದೇ ಸರಿಯಾದ ಸಮಯ. ಆ ದಿನ ಜೊತೆಗೆ ಹೋದವರು ಒಂದು ಮಾತು ಕೇಳಿ: "ಡಾಕ್ಟರೇ, ಮಗುವಿನ ಸೊಂಟದ ಕೀಲನ್ನೂ ಸ್ವಲ್ಪ ನೋಡುತ್ತೀರಾ?"